ಡಿಕ್ಕಿಯ ಭಾರ, ಎದುರಿನವರ ಕಣ್ಣು

ಕಾರು ಮಾರುವವರ ಕರಪತ್ರದಲ್ಲಿ ಏರ್ ಸಸ್ಪೆನ್ಷನ್ ಎಂಬ ಪದ ಎಲ್ಲಿ ಬರುತ್ತದೆ ಎಂಬುದನ್ನು ಒಮ್ಮೆ ಗಮನಿಸಬೇಕು. ಬೆನ್ನು ತಿಕ್ಕುವ ಸೀಟು, ಮೇಲ್ಛಾವಣಿಯ ಗಾಜು, ಹತ್ತಾರು ಸ್ಪೀಕರುಗಳ ಸಂಗೀತ, ಇವುಗಳ ಪಕ್ಕದಲ್ಲಿ ಬರುತ್ತದೆ. ಬ್ರೇಕು, ಟೈರು, ಹೆಡ್‌ಲೈಟುಗಳಿರುವ ಪುಟದಲ್ಲಿ ಅದಕ್ಕೆ ಜಾಗವಿಲ್ಲ. ಮಾರುವವರು ಅದನ್ನು ಸುಖದ ಪಟ್ಟಿಗೆ ಸೇರಿಸಿದ್ದಾರೆ. ಕೊಳ್ಳಲಾಗದವರು ಶ್ರೀಮಂತರ ಚಟವೆಂದು ಪಕ್ಕಕ್ಕಿಟ್ಟಿದ್ದಾರೆ. ಕೊಂಡು ಏಳೆಂಟು ವರ್ಷ ಓಡಿಸಿದವರು ಕೈಮುಗಿದು, ಅದರ ಸಹವಾಸ ಬೇಡ ಎನ್ನುತ್ತಾರೆ. ಮೂವರ ಮಾತಿನ ಹಿಂದೆ ಇರುವುದು ಒಂದೇ ತಪ್ಪು ತಿಳಿವಳಿಕೆ: ಈ ಯಂತ್ರ ಇರುವುದು ಒಳಗೆ ಕೂತವರಿಗಾಗಿ ಎಂಬುದು.

ಅದರಲ್ಲೂ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಗಾಳಿಯ ಸ್ಪ್ರಿಂಗು ಕೊಟ್ಟು, ಭಾರ ಎಷ್ಟು ಬದಲಾದರೂ ಕಾರಿನ ಹಿಂಭಾಗವನ್ನು ಒಂದೇ ಎತ್ತರದಲ್ಲಿ ನಿಲ್ಲಿಸುವ ಏರ್ಪಾಡೊಂದಿದೆ. ತಾನಾಗಿಯೇ ಮಟ್ಟ ಕಾಯ್ದುಕೊಳ್ಳುವ ಸಸ್ಪೆನ್ಷನ್ ಅದು. ಅದರಿಂದ ಒಳಗಿನವರ ಬೆನ್ನಿಗೆ ಹಿತವಾಗುವುದು ನಿಜ. ಆದರೆ ಅದರ ದೊಡ್ಡ ಉಪಕಾರ ಸಲ್ಲುವುದು ಆ ಕಾರನ್ನು ಎಂದೂ ಹತ್ತದವರಿಗೆ, ರಾತ್ರಿ ಎದುರಿನಿಂದ ಬರುವ ಅಪರಿಚಿತರಿಗೆ. ಮಟ್ಟ ಕಾಯುವುದನ್ನು ಐಷಾರಾಮ ಎಂದು ಕರೆಯುವ ರೂಢಿ ನಿಲ್ಲಬೇಕು. ಅದು ರಸ್ತೆಯ ಮೇಲಿನ ಕನಿಷ್ಠ ಮರ್ಯಾದೆ. ಗಾಳಿಯ ಚೀಲ ಇರುವ ಕಾರಿಗೂ ಇಲ್ಲದ ಕಾರಿಗೂ ಈ ಮಾತು ಒಂದೇ.

ಮೊದಲು ಉಕ್ಕಿನ ಸ್ಪ್ರಿಂಗಿನ ಲೆಕ್ಕ ನೋಡಬಹುದು. ಖಾಲಿ ಕಾರಿನ ಹಿಂದಿನ ಒಂದು ಚಕ್ರದ ಮೇಲೆ 300 ಕಿಲೋ ಭಾರವಿದೆ, ಅದನ್ನು ಹೊತ್ತ ಸ್ಪ್ರಿಂಗು 15 ಸೆಂಟಿಮೀಟರ್ ಕುಗ್ಗಿ ನಿಂತಿದೆ ಎಂದಿಟ್ಟುಕೊಳ್ಳೋಣ. ಅಂದರೆ ಪ್ರತಿ 20 ಕಿಲೋಗೆ ಒಂದು ಸೆಂಟಿಮೀಟರ್ ಕುಗ್ಗುವ ಸ್ಪ್ರಿಂಗು ಅದು. ಇಂಥದ್ದರ ಮೇಲೆ ಕಾರು ಸೆಕೆಂಡಿಗೆ ಸುಮಾರು 1.3 ಬಾರಿ ಏರಿಳಿಯುತ್ತದೆ. ಮೈಗೆ ಹಿತವಾದ ಲಯ ಅದು.

ಈಗ ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕೂತು, ಡಿಕ್ಕಿಯಲ್ಲಿ ಒಂದಿಷ್ಟು ಸಾಮಾನು ತುಂಬಿದರೆ ಒಂದೊಂದು ಚಕ್ರಕ್ಕೆ ನೂರು ಕಿಲೋ ಸುಲಭವಾಗಿ ಕೂಡುತ್ತದೆ. ಹಿಂಭಾಗ 5 ಸೆಂಟಿಮೀಟರ್ ಕುಸಿಯುತ್ತದೆ. ಡಿಕ್ಕಿಯ ಸಾಮಾನಿಗೆ ಇನ್ನೊಂದು ಚಾಳಿಯಿದೆ: ಅದು ಕೂರುವುದು ಹಿಂದಿನ ಅಚ್ಚಿಗಿಂತ ಹಿಂದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.7 ಮೀಟರ್ ಇರುವ ಕಾರಿನಲ್ಲಿ, ಅಚ್ಚಿನಿಂದ 60 ಸೆಂಟಿಮೀಟರ್ ಹಿಂದೆ 100 ಕಿಲೋ ಇಟ್ಟರೆ ಹಿಂದಿನ ಅಚ್ಚಿಗೆ ಬೀಳುವುದು 122 ಕಿಲೋ. ಹೆಚ್ಚಾದ ಆ 22 ಕಿಲೋ ಮುಂದಿನ ಚಕ್ರಗಳಿಂದ ಕಡಿಮೆಯಾಗುತ್ತದೆ. ಏತದ ಹಿಂಬದಿ ಇಳಿದರೆ ಮುಂಬದಿ ಏಳುವಂತೆ ಕಾರಿನ ಮೂತಿ ಮೇಲೇಳುತ್ತದೆ.

ಮೂತಿಯ ಜೊತೆ ಹೆಡ್‌ಲೈಟೂ ಏಳುತ್ತದೆ. 2.7 ಮೀಟರ್ ಉದ್ದಕ್ಕೆ 5 ಸೆಂಟಿಮೀಟರ್ ಓರೆ ಎಂದರೆ ನೂರಕ್ಕೆ ಸುಮಾರು 1.85. ಲೋ ಬೀಮಿನ ಕಿರಣವನ್ನು ಸಾಮಾನ್ಯವಾಗಿ ಹೊಂದಿಸುವುದು ನೂರಕ್ಕೆ ಒಂದರಷ್ಟು ಕೆಳಮುಖವಾಗಿ, ಅಂದರೆ 10 ಮೀಟರಿಗೆ 10 ಸೆಂಟಿಮೀಟರ್ ಇಳಿಯುವ ಹಾಗೆ. ಹಿಂಭಾಗ ಕುಸಿದ ಕಾರಿನಲ್ಲಿ ಈ ಇಳಿಜಾರು ಏರುಜಾರಾಗುತ್ತದೆ. 50 ಮೀಟರ್ ದೂರದಲ್ಲಿ ದೀಪಕ್ಕಿಂತ 50 ಸೆಂಟಿಮೀಟರ್ ಕೆಳಗೆ ಇರಬೇಕಾದ ಬೆಳಕಿನ ಅಂಚು ದೀಪಕ್ಕಿಂತ 40 ಸೆಂಟಿಮೀಟರಿಗೂ ಹೆಚ್ಚು ಮೇಲಿರುತ್ತದೆ. ನೆಲದಿಂದ ಅಳೆದರೆ ಸುಮಾರು 110 ಸೆಂಟಿಮೀಟರ್. ಎದುರಿನಿಂದ ಬರುವ ಸಣ್ಣ ಕಾರಿನ ಚಾಲಕನ ಕಣ್ಣು ಇರುವುದೂ ಹೆಚ್ಚುಕಡಿಮೆ ಅಲ್ಲೇ.

ಹಾಗಾಗಿ ಲೋ ಬೀಮಿನಲ್ಲೇ ಇದ್ದೇನೆ ಎಂದು ಪ್ರಾಮಾಣಿಕವಾಗಿ ನಂಬಿದ ಚಾಲಕ ಎದುರಿನವರ ಕಣ್ಣಿಗೆ ಹೈ ಬೀಮ್ ಹಾಕಿದವನಂತೆಯೇ ಕಾಣುತ್ತಾನೆ. ಎದುರಿನವರು ಸಿಟ್ಟಿನಿಂದ ದೀಪ ಮಿಣುಕಿಸುತ್ತಾರೆ. ಇವನು, ಜನಕ್ಕೆ ಏನಾಗಿದೆ ಎಂದು ಗೊಣಗುತ್ತಾನೆ. ಇಬ್ಬರಲ್ಲಿ ಯಾರೂ ಡಿಕ್ಕಿಯಲ್ಲಿರುವ ಅಕ್ಕಿ ಮೂಟೆಯನ್ನು ಬೈಯುವುದಿಲ್ಲ.

ಊರಿನಿಂದ ದೂರ ಇರುವ ಕನ್ನಡಿಗರಿಗೆ ಇದು ಪುಸ್ತಕದ ಲೆಕ್ಕವಾಗಬೇಕಿಲ್ಲ. ದಸರೆ, ದೀಪಾವಳಿ, ಬೇಸಿಗೆ ರಜೆಗೆ ಪುಣೆಯಿಂದ ಹುಬ್ಬಳ್ಳಿಗೆ, ಹೈದರಾಬಾದಿನಿಂದ ಕಲಬುರಗಿಗೆ, ಮುಂಬೈಯಿಂದ ವಿಜಯಪುರಕ್ಕೆ ಹೊರಡುವ ಕಾರುಗಳು ವರ್ಷದಲ್ಲೇ ಅತಿ ಹೆಚ್ಚು ಭಾರ ಹೊರುವುದು ಆ ದಿನಗಳಲ್ಲಿ. ಹೋಗುವಾಗ ಬಟ್ಟೆಬರೆ, ಉಡುಗೊರೆ. ಬರುವಾಗ ಜೋಳ, ತೆಂಗಿನಕಾಯಿ, ಉಪ್ಪಿನಕಾಯಿ ಜಾಡಿ. ಬಿಸಿಲು, ಟ್ರಾಫಿಕ್ಕು ತಪ್ಪಿಸಲು ಹೊರಡುವುದೂ ಕತ್ತಲಲ್ಲೇ. ಹೆದ್ದಾರಿ ಬಿಟ್ಟು ಊರಿನ ದಾರಿ ಹಿಡಿದ ಮೇಲೆ ನಡುವೆ ಡಿವೈಡರ್ ಇರುವುದಿಲ್ಲ. ಅಂಚಿನಲ್ಲಿ ದೀಪವಿಲ್ಲದ ಎತ್ತಿನ ಗಾಡಿ, ಹಿಂದೆ ಕೆಂಪು ಬೆಳಕಿಲ್ಲದ ಕಬ್ಬಿನ ಟ್ರಾಲಿ, ನಡೆದು ಹೋಗುವವರು. ಕಣ್ಣು ಕುಕ್ಕಿಸಿಕೊಂಡ ಚಾಲಕನಿಗೆ ಮುಂದಿನ ಎರಡು ಮೂರು ಸೆಕೆಂಡು ಇವರಾರೂ ಕಾಣುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಎಂದರೆ 50 ಮೀಟರ್ ಕುರುಡು ಪ್ರಯಾಣ. ಆ 50 ಮೀಟರಿನಲ್ಲಿ ಯಾರು ನಡೆಯುತ್ತಿದ್ದಾರೆ ಎಂಬುದರ ಮೇಲೆ ನಿಂತಿದೆ ಈ ಇಡೀ ವಾದ.

ಗಾಳಿಯ ಸ್ಪ್ರಿಂಗು ಇದನ್ನು ಹೇಗೆ ಬಗೆಹರಿಸುತ್ತದೆ? ಕೇಳಿದರೆ ಇಷ್ಟೇನಾ ಅನ್ನಿಸುವಷ್ಟು ಸರಳ. ಉಕ್ಕಿನ ಸುರುಳಿಯ ಜಾಗದಲ್ಲಿ ದಪ್ಪ ರಬ್ಬರಿನ ಚೀಲ. ಅದರ ಪರಿಣಾಮಕಾರಿ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಇದ್ದರೆ 300 ಕಿಲೋ ಹೊರಲು ಚದರ ಸೆಂಟಿಮೀಟರಿಗೆ 3 ಕಿಲೋ ಒತ್ತಡ ಬೇಕು. ಇನ್ನೂ 100 ಕಿಲೋ ಬಂದರೆ ಒತ್ತಡವನ್ನು 4ಕ್ಕೆ ಏರಿಸಿದರಾಯಿತು. ಚೀಲ ಕುಗ್ಗಬೇಕಾಗಿಲ್ಲ, ಕಾರು ಕುಸಿಯಬೇಕಾಗಿಲ್ಲ.

ಕುಸಿದದ್ದನ್ನು ತಿಳಿಯಲು ಅಚ್ಚಿಗೂ ಕಾರಿನ ಒಡಲಿಗೂ ನಡುವೆ ಒಂದು ಸಣ್ಣ ಸನ್ನೆಕೋಲು ಮತ್ತು ಸೆನ್ಸರ್ ಇರುತ್ತದೆ. ಕಂಪ್ಯೂಟರ್ ಅದರ ಮಾತನ್ನು ತಕ್ಷಣ ನಂಬುವುದಿಲ್ಲ. ಗುಂಡಿಗೆ ಬಿದ್ದಾಗಲೂ ಕಾರು ಕುಗ್ಗುತ್ತದಲ್ಲ! ಹಲವು ಸೆಕೆಂಡುಗಳ ಸರಾಸರಿ ನೋಡಿ, ನಿಜವಾಗಿ ಭಾರ ಬಂದಿದೆ ಎಂದು ಖಚಿತವಾದ ಮೇಲೆಯೇ 12 ವೋಲ್ಟಿನ ಕಂಪ್ರೆಸರಿಗೆ ಅಪ್ಪಣೆ. ಗಾಳಿ ಒಂದು ಡ್ರೈಯರಿನ ಮೂಲಕ, ಅದರೊಳಗಿನ ತೇವ ಹೀರುವ ಹರಳುಗಳನ್ನು ದಾಟಿ ಚೀಲಕ್ಕೆ ಹೋಗುತ್ತದೆ. ಎತ್ತರ ಸರಿಹೋದೊಡನೆ ಕವಾಟ ಮುಚ್ಚುತ್ತದೆ. ಜನ ಇಳಿದಾಗ ಹೆಚ್ಚಾದ ಗಾಳಿ ಅದೇ ಡ್ರೈಯರಿನ ಮೂಲಕ ಹೊರಗೆ ಬಂದು, ಹರಳುಗಳ ತೇವವನ್ನೂ ಹೊತ್ತೊಯ್ಯುತ್ತದೆ. ಹಿಂದಿನ ಚಕ್ರಗಳಿಗೆ ಮಾತ್ರ ಇದು ಸಾಕಾಗುವುದಕ್ಕೆ ಕಾರಣವೂ ಸರಳ: ಎಂಜಿನ್ ಮುಂದಿರುವ ಕಾರಿನಲ್ಲಿ ಮುಂಭಾಗದ ಭಾರ ಅಷ್ಟಾಗಿ ಬದಲಾಗುವುದಿಲ್ಲ. ಬಂದು ಹೋಗುವ ಭಾರವೆಲ್ಲ ಹಿಂದೆ.

ಇನ್ನೂ ಒಂದು ಸೊಗಸಿದೆ. ಎತ್ತರ ಬದಲಾಗದೆ ಒತ್ತಡ ಮಾತ್ರ ಏರಿದಾಗ ಚೀಲದ ಗಡಸುತನವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಭಾರ ಹೆಚ್ಚಾದಂತೆ ಸ್ಪ್ರಿಂಗು ತಾನಾಗಿ ಬಲಿಯುತ್ತದೆ. ಹಾಗಾಗಿ ಖಾಲಿ ಕಾರಿನಲ್ಲೂ ತುಂಬಿದ ಕಾರಿನಲ್ಲೂ ಕುಲುಕಿನ ಲಯ ಬಹುಮಟ್ಟಿಗೆ ಒಂದೇ. ಉಕ್ಕಿಗೆ ಈ ಗುಣವಿಲ್ಲ. ತುಂಬಿದ ಕಾರಿಗೆ ಹೊಂದುವ ಸ್ಪ್ರಿಂಗು ಹಾಕಿದರೆ ಖಾಲಿ ಕಾರು ಗಾಡಿಯಂತೆ ಎತ್ತಿಹಾಕುತ್ತದೆ. ಖಾಲಿ ಕಾರಿಗೆ ಹೊಂದುವುದನ್ನು ಹಾಕಿದರೆ ತುಂಬಿದ ದಿನ ಕುಸಿಯುತ್ತದೆ.

ಇದೆಲ್ಲ ಶ್ರೀಮಂತರ ಕಥೆ ಎನ್ನುವವರಿಗೆ ಇತಿಹಾಸ ಬೇರೆಯದನ್ನು ಹೇಳುತ್ತದೆ. 1948ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದ ಸಿಟ್ರೊಯೆನ್ 2ಸಿವಿ ಫ್ರಾನ್ಸಿನ ರೈತರಿಗೆಂದೇ ರೂಪಿಸಿದ ಅಗ್ಗದ ಕಾರು. ಸ್ಪ್ರಿಂಗುಗಳು ಬಹಳ ಮೃದು. ಹಿಂದೆ ಮೂಟೆ ಹೇರಿದರೆ ಮೂತಿ ಏಳುವುದು ಖಚಿತ. ಅದಕ್ಕಾಗಿಯೇ ಆ ಬಡ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಹೆಡ್‌ಲೈಟುಗಳನ್ನು ಏರಿಸಿ ಇಳಿಸುವ ಒಂದು ತಿರುಗುಣಿ ಇತ್ತು. ಬೇರೆ ಬಹಳಷ್ಟು ಅನುಕೂಲಗಳನ್ನು ಕೈಬಿಟ್ಟ ಕಾರಿನಲ್ಲಿ ಈ ಮರ್ಯಾದೆಯನ್ನು ಬಿಟ್ಟಿರಲಿಲ್ಲ. ಅದೇ ಕಂಪನಿ 1955ರಲ್ಲಿ ತಂದ ಡಿಎಸ್ ಕಾರು ಎಣ್ಣೆ ಮತ್ತು ಸಾರಜನಕದ ಒತ್ತಡದಿಂದ ನಾಲ್ಕೂ ಚಕ್ರಗಳ ಮೇಲೆ ತಾನೇ ಮಟ್ಟ ಕಾಯುತ್ತಿತ್ತು. 1967ರಲ್ಲಿ ಆ ಕಾರಿಗೆ ಹೊಸ ಮುಖ ಬಂದಾಗ, ಕಾರು ಮೂತಿ ಎತ್ತಿದರೂ ಬಾಗಿಸಿದರೂ ಹೆಡ್‌ಲೈಟಿನ ಕಿರಣ ಮಟ್ಟ ಬಿಡದಂತೆ ದೀಪಗಳನ್ನು ಸಸ್ಪೆನ್ಷನ್ನಿಗೆ ಜೋಡಿಸಿದರು. ಮಟ್ಟಕ್ಕೂ ಬೆಳಕಿಗೂ ಇರುವ ನಂಟು ಆ ಎಂಜಿನಿಯರುಗಳಿಗೆ ಅಷ್ಟು ಸ್ಪಷ್ಟವಾಗಿತ್ತು.

ಭಾರತದಲ್ಲಿ ಗಾಳಿಯ ಚೀಲದ ಮೇಲೆ ಕೂರಲು ಲಕ್ಷಗಟ್ಟಲೆ ಹಣ ಬೇಕಾಗಿಲ್ಲ, ಬಸ್ ಟಿಕೆಟ್ ಸಾಕು. ಐರಾವತದಂಥ ವೋಲ್ವೋ ಬಸ್ಸುಗಳಲ್ಲಿ ಹೈದರಾಬಾದ್, ಚೆನ್ನೈ, ಪುಣೆಗಳಿಂದ ಊರಿಗೆ ಹೋಗಿ ಬಂದವರೆಲ್ಲ ಇಂಥ ಚೀಲಗಳ ಮೇಲೆಯೇ ರಾತ್ರಿ ಕಳೆದಿದ್ದಾರೆ. ಬಸ್ಸಿನಲ್ಲಿ ಈ ಕೆಲಸಕ್ಕೆ ಕಂಪ್ಯೂಟರ್ ಕೂಡ ಅನಿವಾರ್ಯವಲ್ಲ. ಅಚ್ಚಿಗೆ ಕಟ್ಟಿದ ಒಂದು ಸನ್ನೆಕೋಲು. ಬಸ್ಸು ಕುಸಿದರೆ ಕವಾಟ ತೆರೆದು ಗಾಳಿ ತುಂಬುತ್ತದೆ, ಮೇಲೆದ್ದರೆ ಬಿಡುತ್ತದೆ. ಗಾಳಿ ಬ್ರೇಕಿಗಾಗಿ ಕಂಪ್ರೆಸರ್ ಹೇಗೂ ಅಲ್ಲಿದೆ. ದಿನವೂ ನೂರಾರು ಕಿಲೋಮೀಟರ್ ಓಡಿ ಲಾಭ ತೋರಿಸಬೇಕಾದ ಬಸ್ಸಿಗೆ ಮಟ್ಟ ಬೇಕಾದರೆ, ಅದನ್ನು ಸೋಮಾರಿಗಳ ಸುಖ ಎನ್ನುವುದು ಹೇಗೆ?

ವಿರೋಧಿಗಳ ಹತ್ತಿರ ಗಟ್ಟಿ ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಗಾಳಿಯ ಸಸ್ಪೆನ್ಷನ್ ಕೆಡುತ್ತದೆ, ಕೆಟ್ಟರೆ ಜೇಬು ಹರಿಯುತ್ತದೆ. ಅಮೆರಿಕದಲ್ಲಿ 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್ ಗಾಳಿಯ ಮೇಲೆ ನಿಂತು ಬಂತು, ಮರುವರ್ಷ ಜನರಲ್ ಮೋಟಾರ್ಸ್ ತನ್ನ ಇತರ ಕಾರುಗಳಿಗೂ ಅದನ್ನು ಕೊಡತೊಡಗಿತು. ಸೋರಿಕೆಯಿಂದ ಬೇಸತ್ತ ಮಾಲೀಕರು ಅದನ್ನು ಕಿತ್ತು ಉಕ್ಕಿನ ಸುರುಳಿ ಹಾಕಿಸಿಕೊಂಡರು. ಭಾರತದ ಧೂಳು, ಬಿಸಿಲು, ಮಳೆ ರಬ್ಬರಿಗೆ ಇನ್ನೂ ಕಠಿಣ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ದೇಶದಲ್ಲಿ ಲಿಂಕನ್ ಟೌನ್ ಕಾರ್ 1990ರ ದಶಕದ ಆರಂಭದಿಂದ 2011ರಲ್ಲಿ ತಯಾರಿಕೆ ನಿಲ್ಲುವವರೆಗೆ ಹಿಂದಿನ ಅಚ್ಚಿಗೆ ಮಾತ್ರ ಗಾಳಿಯ ಚೀಲ ಇಟ್ಟುಕೊಂಡು ಓಡಿತು. ಅದೇನೂ ಗ್ಯಾರೇಜಿನಲ್ಲಿ ಮುಚ್ಚಿಡುವ ಕಾರಲ್ಲ. ವಿಮಾನ ನಿಲ್ದಾಣಕ್ಕೆ ಜನರನ್ನೂ ಪೆಟ್ಟಿಗೆಗಳನ್ನೂ ಹೊತ್ತು ಲಕ್ಷಾಂತರ ಮೈಲಿ ದುಡಿದ ಬಾಡಿಗೆ ಕಾರು. ಹಿಂದಿನ ಸೀಟಿಗೂ ಡಿಕ್ಕಿಗೂ ದಿನಕ್ಕೆ ಹತ್ತು ಸಲ ಭಾರ ಬಂದು ಹೋಗುವ ವೃತ್ತಿಗೆ ಆ ಏರ್ಪಾಡು ಸರಿಯಾಗಿ ಹೊಂದಿತು. ಯಂತ್ರ ಬಾಳುತ್ತದೆ, ಬಾಳಿಸುವವರಿದ್ದರೆ.

ಬಾಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೂ ಒಂದು ನಿಶ್ಚಿತ ಕ್ರಮವಿದೆ. ಚೀಲದ ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ರಾತ್ರಿಯಿಡೀ ಗಾಳಿ ಸೋರಿ ಬೆಳಿಗ್ಗೆ ಕಾರು ಕುಂಡೆ ಊರಿ ಕೂತಿರುತ್ತದೆ. ಸ್ಟಾರ್ಟ್ ಮಾಡಿದೊಡನೆ ಕಂಪ್ರೆಸರ್ ಅದನ್ನು ಎತ್ತುತ್ತದೆ. ಎಲ್ಲ ಸರಿಯಿದೆ ಎಂದು ಮಾಲೀಕ ಹೊರಡುತ್ತಾನೆ. ಕೆಲವೇ ಸೆಕೆಂಡು ಓಡಲೆಂದು ಮಾಡಿದ ಕಂಪ್ರೆಸರ್ ದಿನವೂ ನಿಮಿಷಗಟ್ಟಲೆ ಓಡಿ ಕಾಯುತ್ತದೆ. ಡ್ರೈಯರಿನ ಹರಳು ನೀರು ಕುಡಿದು ಸೋಲುತ್ತದೆ. ಕೊನೆಗೊಂದು ದಿನ ಕಂಪ್ರೆಸರ್ ಸುಡುತ್ತದೆ. ಗ್ಯಾರೇಜಿನವರು ಹೊಸ ಕಂಪ್ರೆಸರ್ ಹಾಕಿ ಕಳಿಸುತ್ತಾರೆ, ಬಿರುಕು ಬಿಟ್ಟ ಚೀಲ ಹಾಗೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೊಸ ಕಂಪ್ರೆಸರೂ ಸುಟ್ಟಾಗ ತಂತ್ರಜ್ಞಾನದ್ದೇ ದೋಷ ಎಂಬ ತೀರ್ಪು. ಬಕೆಟಿನಲ್ಲಿ ಸೋಪು ನೀರು ಕಲಸಿ ಚೀಲಕ್ಕೆ, ಕೊಳವೆಯ ಕೀಲುಗಳಿಗೆ ಎರಚಿದ್ದರೆ ಗುಳ್ಳೆಗಳೇ ಬಿರುಕನ್ನು ತೋರಿಸುತ್ತಿದ್ದವು.

ತಯಾರಕರ ಪಾಲೂ ಇದರಲ್ಲಿ ದೊಡ್ಡದು. ಟೈರು ಸವೆಯುವಂತೆ ಚೀಲವೂ ಸವೆಯುತ್ತದೆ, ಇಷ್ಟು ವರ್ಷಕ್ಕೊಮ್ಮೆ ನೋಡಿಸಿ ಎಂದು ಮಾರುವ ದಿನವೇ ಹೇಳಬೇಕಾದವರು ಅದನ್ನು ಕಾರಿನ ಆಯುಷ್ಯದುದ್ದಕ್ಕೂ ನಿಲ್ಲುವ ಅದ್ಭುತದಂತೆ ಮಾರುತ್ತಾರೆ. ಒಂದು ಸೀಲು, ಒಂದು ಹಿಡಿ ಹರಳು ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಪೆಟ್ಟಿಗೆಯನ್ನೇ ಮಾರುವುದು ವ್ಯಾಪಾರ, ಎಂಜಿನಿಯರಿಂಗ್ ಅಲ್ಲ.

ಹೀಗೆ ಬೇಸತ್ತವರು ಕೊನೆಗೆ ಚೀಲ ಕಿತ್ತು ಉಕ್ಕಿನ ಸುರುಳಿ ಹಾಕಿಸುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಚಿಕಿತ್ಸೆ ಅದು. ಹಿಂಭಾಗವೇ ಕುಸಿಯದ ಕಾರಿಗೆ ಹೆಡ್‌ಲೈಟು ಹೊಂದಿಸುವ ಚಕ್ರವೇಕೆ ಎಂದು ವಿನ್ಯಾಸಕರು ಅದನ್ನು ಕೊಡದೇ ಇದ್ದಿರಬಹುದು. ಚೀಲ ಹೋದ ಮೇಲೆ ಆ ಕಾರು ಭಾರ ಹೊತ್ತಾಗ ಕುಸಿಯುತ್ತದೆ, ಬೆಳಕು ಏಳುತ್ತದೆ, ಇಳಿಸುವ ದಾರಿಯೇ ಇಲ್ಲ. ಉಳಿತಾಯ ಮಾಲೀಕನದು, ಅದರ ಬೆಲೆ ಕೊಡುವವರು ಎದುರಿಗೆ ಬರುವವರು.

ಇನ್ನು ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ರಬ್ಬರ್ ಬಫರುಗಳು. ಸ್ಪ್ರಿಂಗಿನ ಎರಡು ಸುರುಳಿಗಳ ನಡುವೆ ಅವನ್ನು ತುರುಕಿದರೆ ಕಾರು ಕುಸಿಯುವುದಿಲ್ಲ, ಹಂಪಿಗೆ ತಳ ತಾಗುವುದಿಲ್ಲ ಎಂಬ ಭರವಸೆ. ಆಗುವುದೇನೆಂದರೆ ಅಷ್ಟು ಸುರುಳಿ ಕೆಲಸ ನಿಲ್ಲಿಸುತ್ತದೆ, ಉಳಿದ ಸುರುಳಿಗಳ ಮೇಲೆ ಹೊರೆ ಬೀಳುತ್ತದೆ, ಖಾಲಿ ಕಾರು ಒರಟಾಗುತ್ತದೆ. ಹಿಂದಿನ ಅಚ್ಚಿನ ಕುಸಿತ ನೋಡಿ ಹಿಂದಿನ ಬ್ರೇಕಿಗೆ ಬಲ ಹಂಚುವ ಕವಾಟವಿರುವ ಹಳೆಯ ಗಾಡಿಗಳಲ್ಲಂತೂ ಅಪಾಯ ಇನ್ನೂ ಸೂಕ್ಷ್ಮ: ಗಾಡಿ ಕುಸಿಯದಿದ್ದರೆ ಕವಾಟ ಅದನ್ನು ಖಾಲಿ ಎಂದೇ ತಿಳಿದು, ಭಾರ ತುಂಬಿದಾಗಲೂ ಹಿಂದಿನ ಬ್ರೇಕಿಗೆ ಕಡಿಮೆ ಬಲ ಕೊಡುತ್ತದೆ.

ಇಲ್ಲಿ ಗಾಳಿಯ ಸಸ್ಪೆನ್ಷನ್ನಿನ ಅಸಲಿ ದೋಷವನ್ನೂ ಹೇಳಬೇಕು. ಕುಸಿಯುವ ಸ್ಪ್ರಿಂಗು ಕನಿಷ್ಠ ಸತ್ಯ ಹೇಳುತ್ತದೆ. ಹಿಂಭಾಗ ಇಳಿದ ಕಾರನ್ನು ನೋಡಿದ ಯಾರಿಗಾದರೂ ಭಾರ ಹೆಚ್ಚಾಗಿದೆ ಎಂದು ಗೊತ್ತಾಗುತ್ತದೆ. ಮಟ್ಟ ಕಾಯುವ ಕಾರು ಎಷ್ಟು ಹೇರಿದರೂ ನಗುನಗುತ್ತಾ ನೆಟ್ಟಗೆ ನಿಲ್ಲುತ್ತದೆ. ಅಷ್ಟರಿಂದಲೇ ಅದರ ಟೈರು, ಅಚ್ಚು, ಬ್ರೇಕುಗಳ ಶಕ್ತಿ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಮಟ್ಟ ಬೇರೆ, ಸಾಮರ್ಥ್ಯ ಬೇರೆ.

ಇದಕ್ಕೆ ಮದ್ದು ಅದೇ ಯಂತ್ರದ ಹೊಟ್ಟೆಯಲ್ಲಿದೆ. ಚೀಲದೊಳಗಿನ ಒತ್ತಡವೇ ಭಾರದ ಅಳತೆ. ಅದು ತಕ್ಕಡಿಯೂ ಹೌದು. ಹೊರದೇಶದ ಲಾರಿ ಚಾಲಕರು ಗಾಳಿ ಸಸ್ಪೆನ್ಷನ್ನಿನ ಒತ್ತಡದ ಮೀಟರ್ ನೋಡಿ ಅಚ್ಚಿನ ಭಾರ ಅಂದಾಜಿಸುವುದು ಹಳೆಯ ಅಭ್ಯಾಸ. ಒತ್ತಡ ಅಳೆಯುವ ಒಂದು ಸೆನ್ಸರ್, ನಾಲ್ಕು ಸಾಲು ಪ್ರೋಗ್ರಾಮ್ ಇದ್ದರೆ ಕಾರು ಕೂಡ ಚಾಲಕನಿಗೆ ಹಿಂದಿನ ಅಚ್ಚಿನ ಮಿತಿ ಮೀರಿದೆ ಎಂದು ಹೇಳಬಹುದು. ಬಾಗಿಲು ಸರಿಯಾಗಿ ಹಾಕದಿದ್ದರೆ ಕಿರುಚುವ ಕಾರು ಅತಿಭಾರದ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವುದು ವಿನ್ಯಾಸಕರ ಅಸಡ್ಡೆ.

ಎಲ್ಲ ಕಾರಿಗೂ ಗಾಳಿಯ ಚೀಲ ಬರಬೇಕು ಎಂಬುದು ಇಲ್ಲಿನ ಬೇಡಿಕೆಯಲ್ಲ. ಬೇಕಾದದ್ದು ಮಟ್ಟ, ಚೀಲ ಅದಕ್ಕಿರುವ ಉತ್ತಮ ದಾರಿಗಳಲ್ಲಿ ಒಂದು. ಭಾರತದ ಬಹುತೇಕ ಕಾರುಗಳ ಸ್ಟೀರಿಂಗಿನ ಪಕ್ಕದಲ್ಲಿ 0, 1, 2, 3 ಎಂದು ಬರೆದ ಒಂದು ಪುಟ್ಟ ಚಕ್ರವಿದೆ. 2ಸಿವಿಯ ತಿರುಗುಣಿಯ ಮೊಮ್ಮಗ ಅದು. ಎಷ್ಟು ಜನ ಕೂತಾಗ, ಎಷ್ಟು ಸಾಮಾನು ತುಂಬಿದಾಗ ಯಾವ ಅಂಕಿಗೆ ತಿರುಗಿಸಬೇಕು ಎಂಬುದು ಕಾರಿನ ಕೈಪಿಡಿಯಲ್ಲಿದೆ. ಕಾರು ಒಪ್ಪಿಸುವ ದಿನ ಹಾರ ಹಾಕಿ, ಫೋಟೋ ತೆಗೆದು, ಫೋನನ್ನು ಬ್ಲೂಟೂತಿಗೆ ಜೋಡಿಸುವುದನ್ನು ಅರ್ಧ ಗಂಟೆ ಕಲಿಸುವವರು ಈ ಚಕ್ರದ ಬಗ್ಗೆ ಅರ್ಧ ನಿಮಿಷ ಮಾತಾಡಬೇಕು. ಡ್ರೈವಿಂಗ್ ಶಾಲೆಯೂ ಕಲಿಸಬೇಕು, ಲೈಸೆನ್ಸ್ ಪರೀಕ್ಷೆಯೂ ಕೇಳಬೇಕು.

ಸರ್ಕಾರದ ಕೆಲಸವೂ ಉಳಿದಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಲ್ಲಿಯವರೆಗೆ ಹೊಗೆ ತಪಾಸಣೆಗೆ ಮತ್ತೆ ಮತ್ತೆ ಹೋಗಬೇಕು, ಹೆಡ್‌ಲೈಟು ಎತ್ತ ನೋಡುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಹೊಗೆ ಅಳೆಯುವ ಜಾಗದಲ್ಲೇ ಬೆಳಕಿನ ಓರೆ ಅಳೆಯಲು ಸಮತಟ್ಟಾದ ನೆಲ, ಗೆರೆ ಎಳೆದ ಗೋಡೆ ಸಾಕು. ಯುರೋಪಿನಲ್ಲಿ ಪ್ರಖರವಾದ ಕ್ಸೆನಾನ್ ದೀಪ ಬಂದಾಗ, ದೀಪ ತಾನೇ ಮಟ್ಟ ಹೊಂದಿಸಿಕೊಳ್ಳುವ ಏರ್ಪಾಡು ಜೊತೆಗೆ ಇರಲೇಬೇಕೆಂದು ನಿಯಮ ಮಾಡಿದರು. ಕಣ್ಣು ಕೋರೈಸುವ ದೀಪ ಹಾಕುವ ಹಕ್ಕಿಗೆ ಅದನ್ನು ಬಗ್ಗಿಸಿ ಹಿಡಿಯುವ ಹೊಣೆಯನ್ನು ಕಟ್ಟಿದ ನ್ಯಾಯ ಅದು. ಏಳು ಜನ ಕೂರುವ ಕಾರುಗಳಿಗೆ ಈ ಹೊಣೆ ಮೊದಲು ಬರಬೇಕು. ಬೆಳಿಗ್ಗೆ ಒಬ್ಬನೇ ಆಫೀಸಿಗೆ ಹೋಗುವ ಅದೇ ಕಾರು ಶನಿವಾರ ರಾತ್ರಿ ಏಳು ಜನರನ್ನು ಹೊತ್ತು ಧರ್ಮಸ್ಥಳದ ಘಾಟಿ ಇಳಿಯುತ್ತದೆ. ಭಾರದ ವ್ಯತ್ಯಾಸ ಅದರಷ್ಟು ಇನ್ನಾವ ಕಾರಿಗೂ ಇಲ್ಲ.

ಈ ಯಾವ ಸುಧಾರಣೆಯೂ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳಿವೆ. ಭಾರವಾದದ್ದನ್ನು ಡಿಕ್ಕಿಯ ಬಾಯಿಯಲ್ಲಿಡದೆ ಹಿಂದಿನ ಸೀಟಿನ ಬೆನ್ನಿಗೆ ತಾಗಿಸಿ ಇಡುವುದು, ಬಾಗಿಲ ಕಂಬದ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಬರೆದಿರುವಷ್ಟು ಗಾಳಿಯನ್ನು ಟೈರಿಗೆ ತುಂಬಿಸುವುದು, ಕತ್ತಲಾಗುವ ಮೊದಲು ಆ ಪುಟ್ಟ ಚಕ್ರವನ್ನು ಎರಡಕ್ಕೋ ಮೂರಕ್ಕೋ ತಿರುಗಿಸುವುದು. ಗಾಳಿಯ ಚೀಲವಿರುವವರು ಬೆಳಿಗ್ಗೆ ಕಾರು ಕೂತಿದ್ದರೆ ಅದನ್ನು ಕಾಯಿಲೆ ಎಂದೇ ತಿಳಿದು ಅದೇ ವಾರ ಸೋರಿಕೆ ಹುಡುಕಿಸುವುದು. ಇದಕ್ಕೆಲ್ಲ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು, ದೀಪದ ಆಚೆ ತುದಿಯಲ್ಲೂ ಒಬ್ಬ ಮನುಷ್ಯನಿದ್ದಾನೆ ಎಂಬ ನೆನಪು.